ಮಗನ ಜತೆ ಮಾತು, ಸೊಸೆಯ ಜತೆ ಮೌನ

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ಅರಸೀಕೆರೆಯಲ್ಲಿದ್ದ ತಾಯಿಯನ್ನು ಮೈಸೂರಿಗೆ ಕರೆತಂದೆವು. ಅವರಿಗೆ 72 ವರ್ಷ. ಎಲ್ಲರೂ ಊಟಕ್ಕೆ ಕೂತಾಗ ಅವರು ತಟ್ಟೆ ಹಿಡಿದು ಕೋಣೆಗೆ ಹೋಗುತ್ತಾರೆ. ಕೇಳಿದರೆ ‘ನಿಮ್ಮ ಮಾತಿನ ಮಧ್ಯೆ ನಾನ್ಯಾಕೆ’ ಎನ್ನುತ್ತಾರೆ. ನನ್ನೊಂದಿಗೆ ಚೆನ್ನಾಗಿಯೇ ಮಾತನಾಡುವವರು ಸೊಸೆ, ಮೊಮ್ಮಗಳ ಮಾತಿಗೆ ‘ಹೂಂ’ ಎಂದಷ್ಟೇ ಹೇಳಿ ಸುಮ್ಮನಾಗುವುದರಿಂದ ನನ್ನ ಪತ್ನಿಗೆ ಬೇಸರವಾಗಿದೆ. ದಿನವಿಡೀ ಟಿ.ವಿ. ಜೋರಾಗಿ ಹಾಕಿಕೊಂಡಿರುತ್ತಾರೆ. ಮನೆ ತುಂಬ ಜನರಿದ್ದರೂ ಅಮ್ಮ ಒಂಟಿ. ಏನು ಮಾಡಲಿ?
– ಓದುಗ, ಮೈಸೂರು

ಉತ್ತರ: ಗಂಡನನ್ನೂ ಬಾಳಿದ ಊರನ್ನೂ ಒಟ್ಟಿಗೇ ಕಳೆದುಕೊಂಡವರನ್ನು ಒಂಟಿತನ ಕಾಡುವುದು ಸಹಜ. ಆದರೆ ಟಿ.ವಿ.ಯ ಜೋರು ದನಿ ಮತ್ತು ಸೊಸೆ, ಮೊಮ್ಮಗಳಿಗೆ ಮಾತ್ರ ಸಿಗುವ ಮೊಟಕು ಉತ್ತರ, ಇವೆರಡನ್ನೂ ನೋಡಿದರೆ ಮನಸ್ಸಿಗಿಂತ ಮೊದಲು ಅವರ ಕಿವಿಯನ್ನು ಪರೀಕ್ಷಿಸಬೇಕೆಂದು ನನಗೆ ತೋರುತ್ತದೆ. ವಯಸ್ಸಿನಿಂದ ಬರುವ ಶ್ರವಣದೋಷದಲ್ಲಿ ಮೊದಲು ಮಸುಕಾಗುವುದು ಎತ್ತರದ ಸ್ಥಾಯಿಯ ಶಬ್ದಗಳು. ಹೀಗಾಗಿ ನಿಮ್ಮ ತಗ್ಗಿದ ದನಿ ದಕ್ಕಿದರೂ ಸೊಸೆ, ಮೊಮ್ಮಗಳ ದನಿಯಲ್ಲಿ ಸ, ಶ, ತ ಮುಂತಾದ ಅಕ್ಷರಗಳು ಕರಗಿಹೋಗಿ, ಮಾತನಾಡುತ್ತಿದ್ದಾರೆಂದು ಗೊತ್ತಾಗುತ್ತದೆಯೇ ಹೊರತು ಏನೆಂದರೆಂದು ತಿಳಿಯುವುದಿಲ್ಲ. ಪಾತ್ರೆಯ ಸದ್ದಿನ ನಡುವೆ ಎಲ್ಲರೂ ಒಟ್ಟಿಗೆ ಮಾತನಾಡುವ ಊಟದ ಹೊತ್ತಂತೂ ಇನ್ನೂ ಕಷ್ಟ, ಪದೇಪದೇ ‘ಏನಂದೆ?’ ಎಂದು ಕೇಳಿ ನಗೆಗೀಡಾಗುವುದಕ್ಕಿಂತ ಎದ್ದುಹೋಗುವುದೇ ಮರ್ಯಾದೆ ಎಂದು ಅವರಿಗೆ ಅನ್ನಿಸಿರಬಹುದು. (‘ಅಜ್ಜಿಗೆ ಬೇಕಾದ್ದು ಮಾತ್ರ ಕೇಳಿಸುತ್ತೆ’ ಎಂಬ ತಮಾಷೆ ನಿಮ್ಮ ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿ.) ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ಶೇ 25ಕ್ಕೂ ಹೆಚ್ಚು ಮಂದಿಗೆ ನಿತ್ಯದ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷವಿರುತ್ತದೆ.

ನಿಮ್ಮೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿ ಪರೀಕ್ಷೆ ಮಾಡಿಸಿ. ಬರೀ ಗುಗ್ಗೆ ಕಟ್ಟಿದ್ದರೆ ಅದೂ ತಿಳಿಯುತ್ತದೆ. ಜತೆಗೆ ನಿಮ್ಮ ಪತ್ನಿಯೂ ಹೋಗಲಿ, ಅತ್ತೆಯ ಮೌನಕ್ಕೆ ಕಾರಣವನ್ನು ತಜ್ಞರ ಬಾಯಿಂದಲೇ ಕೇಳಿದರೆ ಅವರ ಅರ್ಧ ಬೇಸರ ಅಲ್ಲೇ ಕಳೆದೀತು. ಶ್ರವಣ ಸಾಧನ ಬೇಕಾದರೆ ಅದಕ್ಕೆ ಹೊಂದಿಕೊಳ್ಳಲು ಕೆಲವು ವಾರಗಳೇ ಹಿಡಿಯುವುದರಿಂದ, ಮೊದಲ ದಿನದ ಕಿರಿಕಿರಿಗೆ ಬೇಸತ್ತು ಅವರು ಅದನ್ನು ಬೀರುವಿಗೆ ಸೇರಿಸದಂತೆ ನೋಡಿಕೊಳ್ಳಿ. ಅಲ್ಲಿಯವರೆಗೆ ಟಿ.ವಿ. ಆರಿಸಿ, ಎದುರು ಕೂತು, ಕೂಗದೆ, ಒಬ್ಬೊಬ್ಬರೇ ನಿಧಾನವಾಗಿ ಮಾತನಾಡಿ.

ಕಿವಿಯಲ್ಲಿ ದೋಷವಿಲ್ಲವೆಂದಾದರೆ, ಅಥವಾ ಸಾಧನ ಬಂದ ಮೇಲೂ ಊಟ ನಿದ್ದೆ ತಪ್ಪಿ ಕೋಣೆಯಲ್ಲೇ ಉಳಿದರೆ, ಖಿನ್ನತೆಯಿರಬಹುದು, ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಸಲಹೆ ಕೇಳಬಹುದು.