ನಮ್ಮೂರ ನಾಟಕ ಮಂಡಳಿ ಅಂದ್ರೆ ಒಂದು ಹಾರ್ಮೋನಿಯಂ ಪೆಟ್ಟಿಗೆ

ಹಾಸನ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಮಂಡಳಿಗಳು ಹೇಗೆ ಹುಟ್ಟಿಕೊಂಡವು, ಸಿನಿಮಾ, ಟಿವಿ ಬಂದ ಮೇಲೂ ಹೇಗೆ ಉಳಿದವು ಅಂತ ಕೇಳಿದ್ದೀರಿ. ನಮ್ಮೂರಿನ ಕಥೆಯನ್ನೇ ಹೇಳುತ್ತೇನೆ. ಅರಸೀಕೆರೆ ರಸ್ತೆಯಲ್ಲಿರುವ ಸಣ್ಣ ಊರು ನಮ್ಮದು. ನಾನು ಅಲ್ಲಿ ಮೂರು ಸಲ ವಿದುರ, ಒಂದು ಸಲ ಶಕುನಿ.

ಬೀಜ ಬಿದ್ದಿದ್ದು ಕಂಪನಿ ನಾಟಕದಿಂದ, ಅಂದ್ರೆ ಊರೂರು ತಿರುಗಿ ಟಿಕೆಟ್ ಇಟ್ಟು ಆಡುವ ವೃತ್ತಿ ತಂಡಗಳ ನಾಟಕದಿಂದ. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಬೆಂಗಳೂರಿನಿಂದ ಅರಸೀಕೆರೆಗೆ ಬರುವ ರೈಲು ಗುಬ್ಬಿ ಮೇಲೇ ಬರುತ್ತದೆ, ಅಂದ್ರೆ ನಮಗೆ ಅದೇನೂ ದೂರದ ಊರಲ್ಲ. 1934ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ' ಆಡಿದಾಗ ಸ್ಟೇಜಿನ ಮೇಲೆ ನಿಜವಾದ ಆನೆ, ಕುದುರೆ ತಂದಿದ್ದರು. ನಮ್ಮ ತಾತ ಅದನ್ನು ಕಣ್ಣಾರೆ ನೋಡಿದ್ದೆ ಅನ್ನುತ್ತಿದ್ದರು. ಆದರೆ ಒಂದೊಂದು ಸಲ ಹೇಳುವಾಗಲೂ ಒಂದೊಂದು ಆನೆ ಜಾಸ್ತಿ ಆಗುತ್ತಿತ್ತು, ಹಾಗಾಗಿ ನಾನು ಅಷ್ಟಾಗಿ ಒತ್ತಿ ಕೇಳಲು ಹೋಗಲಿಲ್ಲ.

ನೋಡಿ ಬಂದವರಿಗೆ ತಾವೂ ಆಡಬೇಕು ಅನ್ನಿಸಿತು. ಆನೆ ಇಲ್ಲ, ಪರದೆ ಇಲ್ಲ, ಓದು ಬರುವವರು ಊರಿಗೆ ನಾಲ್ಕು ಜನ. ಮಾತು ಹೇಗೋ ಬಾಯಿಪಾಠ ಮಾಡಬಹುದು. ಆದರೆ ಈ ನಾಟಕದಲ್ಲಿ ಮಾತಿಗಿಂತ ಪದಗಳೇ ಜಾಸ್ತಿ. ರಾಜ ಸಿಟ್ಟಾದರೂ ಹಾಡಬೇಕು, ಅತ್ತರೂ ಹಾಡಬೇಕು, ಸಾಯುವಾಗಲಂತೂ ಹಾಡಲೇಬೇಕು. ಅದಕ್ಕೆ ಊರವರೆಲ್ಲ ರಾಗಿ, ದುಡ್ಡು ಎತ್ತಿ ಮೊದಲು ತಂದಿದ್ದು ಹಾರ್ಮೋನಿಯಂ. ಕಾಲಲ್ಲಿ ತುಳಿಯುವ ದೊಡ್ಡದು, ಲೆಗ್ ಹಾರ್ಮೋನಿಯಂ ಅಂತಾರಲ್ಲ, ಅದು. ಪೆಟ್ಟಿಗೆ ಮೊದಲು ಬಂತು, ಮಂಡಳಿ ಆಮೇಲೆ ಆಯಿತು. ತಮಾಷೆ ಏನಪ್ಪಾ ಅಂದ್ರೆ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ನಿಷೇಧ ಹಾಕಿತ್ತು, ನಮ್ಮ ಸಂಗೀತದ ಗಮಕ, ಅಂದ್ರೆ ಸ್ವರದ ಓಲಾಟ, ಅದರಲ್ಲಿ ಬರೋದಿಲ್ಲ ಅನ್ನೋದು ಅವರ ತಕರಾರು. ನಮ್ಮೂರಲ್ಲಿ ಅದೇ ಮೂವತ್ತು ವರ್ಷ ಅದರ ಮುಂದೆ ಕೃಷ್ಣ, ಕರ್ಣ, ಭೀಮ ಎಲ್ಲ ಕೈಕಟ್ಟಿ ನಿಂತಿದ್ದರು.

ಹಾರ್ಮೋನಿಯಂ ಮೇಷ್ಟ್ರು ಅಂದ್ರೆ ಬರೀ ನುಡಿಸುವವರಲ್ಲ. ಅವರೇ ಕಲಿಸೋರು, ಅವರೇ ಬೈಯೋರು. ರಾತ್ರಿ ಊಟ ಆದ ಮೇಲೆ ದೇವಸ್ಥಾನದ ಜಗುಲಿಯಲ್ಲಿ ಎರಡು ಮೂರು ತಿಂಗಳು ಪ್ರಾಕ್ಟೀಸು. ನಾನು ನೋಡಿದ ಮೇಷ್ಟ್ರ ಹತ್ತಿರ ಎಣ್ಣೆ ಜಿಡ್ಡು ಹತ್ತಿದ ಒಂದು ನೋಟ್‌ಬುಕ್ ಇತ್ತು. ಪ್ರತಿ ಪದದ ಪಕ್ಕ ರಾಗದ ಹೆಸರು, ಅದರ ಕೆಳಗೆ ಪೆನ್ಸಿಲ್‌ನಲ್ಲಿ ಯಾರ ಗಂಟಲು ಎಲ್ಲಿಗೆ ಏರುತ್ತದೆ ಅನ್ನೋ ಗುರುತು. ಕೆಲವು ಪದಗಳ ಪಕ್ಕ ರಾಗದ ಬದಲು ಹಳೇ ಹಿಂದಿ ಸಿನಿಮಾ ಹಾಡಿನ ಮೊದಲ ಸಾಲು ಬರೆದಿರುತ್ತಿತ್ತು, ಆ ಧಾಟಿಯಲ್ಲಿ ಹಾಡಿ ಅಂತ. ಒಂದು ವರ್ಷ ದುರ್ಯೋಧನ ಮಾಡುತ್ತಿದ್ದವರು, ಊರಿನ ದೊಡ್ಡ ಜಮೀನ್ದಾರರು, ಪದೇ ಪದೇ ಶ್ರುತಿ ಬಿಡುತ್ತಿದ್ದರು. ಮೇಷ್ಟ್ರು ತುಳಿಯೋದು ನಿಲ್ಲಿಸಿ, "ಗೌಡ್ರೇ, ಹಸ್ತಿನಾವತಿ ನಿಮ್ಮದೇ ಇರಲಿ, ಶ್ರುತಿ ಮಾತ್ರ ನಂದು" ಅಂದರು. ಗೌಡರು ಮಾರನೇ ದಿನ ಬರುವುದಿಲ್ಲ ಅಂದುಕೊಂಡೆವು. ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು.

ಇನ್ನು ದುಡ್ಡಿನ ವಿಷಯ, ನೀವು ಕೇಳಿದ 'ಹೇಗೆ ಉಳಿದವು' ಅನ್ನೋದಕ್ಕೆ ನಿಜವಾದ ಉತ್ತರ ಅಲ್ಲಿದೆ. ಬೇರೆ ಕಡೆ ಪಾತ್ರ ಮಾಡಿದವರಿಗೆ ದುಡ್ಡು ಕೊಡುತ್ತಾರೆ, ನಮ್ಮಲ್ಲಿ ಪಾತ್ರ ಮಾಡುವವರೇ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನ ದುಬಾರಿ. ವಿದುರ ಅಗ್ಗ, ನಾನು ಮೂರು ಸಲ ವಿದುರ ಆಗಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ಇಬ್ಬರಿಗೂ ಕೃಷ್ಣನೇ ಬೇಕು ಅಂದ್ರೆ ಅರ್ಧ ನಾಟಕಕ್ಕೆ ಒಬ್ಬ, ಸಂಧಾನದಿಂದ ಮುಂದಕ್ಕೆ ಇನ್ನೊಬ್ಬ. ಸಣಕಲು ಕೃಷ್ಣ ಒಳಗೆ ಹೋಗಿ ಹೊಟ್ಟೆ ಇರುವ ಕೃಷ್ಣ ಹೊರಗೆ ಬಂದರೂ ಜನ ಕೇಳೋದಿಲ್ಲ. ಈ ದುಡ್ಡಲ್ಲೇ ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು, ಮೈಕು, ದ್ರೌಪದಿ ಕುಂತಿ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಖರ್ಚು. ನಮ್ಮ ತಾತನ ಕಾಲದಲ್ಲಿ ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಟಿಕೆಟ್ ಯಾವ ಕಾಲದಲ್ಲೂ ಇಲ್ಲ. ಟಿಕೆಟ್ ನಂಬಿದ ಎಷ್ಟೋ ಕಂಪನಿಗಳು ಸಿನಿಮಾ ಬಂದ ಮೇಲೆ ಮುಚ್ಚಿದವು, ನಾವು ಮುಚ್ಚಲಿಲ್ಲ, ಯಾಕಂದ್ರೆ ಮುಚ್ಚೋದಕ್ಕೆ ಗಲ್ಲಾಪೆಟ್ಟಿಗೆಯೇ ಇರಲಿಲ್ಲ.

ಹಾಗಂತ ಪ್ರತಿ ವರ್ಷ ನಡೆದಿದೆ ಅಂದುಕೊಳ್ಳಬೇಡಿ. ಇದು ಆಲೂಗಡ್ಡೆ ಸೀಮೆ. ಬೆಳೆಗೆ ಅಂಗಮಾರಿ ರೋಗ ಬಿದ್ದ ವರ್ಷ ನಾಟಕವೂ ಇಲ್ಲ. ಎರಡು ಬಣ ಆಗಿ ಮಾತು ಬಿಟ್ಟ ವರ್ಷಗಳೂ ಇವೆ, ಹಾರ್ಮೋನಿಯಂ ಯಾರ ಮನೆಯಲ್ಲಿರಬೇಕು ಅನ್ನೋದೇ ಜಗಳ. ಕೊನೆಗೆ ದೇವಸ್ಥಾನದ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಎರಡು, ಬಣಕ್ಕೊಂದು. ಎರಡು ವರ್ಷ ಬಿಟ್ಟು ತೆಗೆದು ನೋಡಿದರೆ ಇಲಿ ಹಾರ್ಮೋನಿಯಂಗೆ ಗಾಳಿ ಊದುವ ತಿದಿಯನ್ನೇ ಕಡಿದು ಹಾಕಿತ್ತು. ರಿಪೇರಿ ಖರ್ಚಿಗೆ ಎರಡೂ ಕಡೆಯವರು ಒಂದೇ ಜಗುಲಿಯಲ್ಲಿ ಕೂರಬೇಕಾಯ್ತು, ಆ ವರ್ಷ ನಾಟಕ ಆಯಿತು.

ಈಗ ಹುಡುಗರು ಬೆಂಗಳೂರಲ್ಲಿದ್ದಾರೆ, ಮೇಷ್ಟ್ರು ಪದ ಹಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಶನಿವಾರ ರಾತ್ರಿ ಬಸ್ಸಿಳಿದು ಪ್ರಾಕ್ಟೀಸಿಗೆ ಬರುತ್ತಾರೆ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲೂ ಹಳ್ಳಿ ಮಂಡಳಿಗಳ ಪೌರಾಣಿಕ ನಾಟಕ ಆಗುತ್ತವೆ. ಆದರೆ ನನ್ನ ಮಾತು ಕೇಳಿದರೆ ಸುಗ್ಗಿ ಮುಗಿದ ಮೇಲೆ ಯಾವುದಾದರೂ ಊರಿಗೇ ಹೋಗಿ. ರಾತ್ರಿ ಒಂಬತ್ತಕ್ಕೆ ಅಂತ ಪಾಂಪ್ಲೆಟ್‌ನಲ್ಲಿರುತ್ತದೆ, ಹತ್ತೂವರೆಗೆ ಹೋದರೆ ಸಾಕು. ಕಂಬಳಿ ತಗೊಂಡು ಹೋಗಿ. ಹಾರ್ಮೋನಿಯಂ ಇರುವ ಕಡೆಗೇ ಕೂತುಕೊಳ್ಳಿ, ಹಾಡುವವರು ಮರೆತಾಗ ಮೇಷ್ಟ್ರು ಬಾಯಲ್ಲೇ ಸಾಲು ಎತ್ತಿ ಕೊಡೋದು ಅಲ್ಲಿಂದ ಮಾತ್ರ ಕೇಳಿಸುತ್ತದೆ.