ಗ್ಲುಟಮೇಟ್ ಗ್ರಾಹಕ ಮತ್ತು ಕಿರುಮಿದುಳಿನ ಕೋಶಗಳ ಅಳಿವು: ತಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಸಕಲೇಶಪುರದಲ್ಲಿರುವ ತಮ್ಮ ತಂದೆಯವರಿಗೆ ನಡೆಯುವಾಗ ತೂರಾಟ ಬಂದಿರುವುದಕ್ಕೆ ಅಡುಗೆಯ ಅಜಿನೊಮೊಟೊ (ಗ್ಲುಟಮೇಟ್ ಎಂಬ ವಸ್ತುವಿನ ಲವಣ) ಕಾರಣವೇ ಎಂದು ಕೇಳಿದ್ದೀರಿ. ಆ ಭಯ ಬೇಡ. ಊಟದಲ್ಲಿನ ಗ್ಲುಟಮೇಟಿನ ಬಹುಪಾಲು ಕರುಳಿನಲ್ಲಿಯೇ ಬಳಕೆಯಾಗಿಹೋಗುತ್ತದೆ. ತಾವು ಓದಿದ ‘ಲರ್ಚರ್’ ಎಂಬ, ತೂರಾಡಿ ನಡೆಯುವ ಇಲಿ ತಳಿಯ ವಿಷಯವೇ ಬೇರೆ: 1997ರಲ್ಲಿ ಗುರುತಿಸಿದಂತೆ, ನಡಿಗೆಯ ಸಮತೋಲ ಕಾಯುವ ಕಿರುಮಿದುಳಿನ ಪರ್ಕಿಂಜೆ ಎಂಬ ನರಕೋಶಗಳಲ್ಲಿರುವ ಗ್ಲುಡಿ2 ಗ್ರಾಹಕದಲ್ಲಿ (ಗ್ಲುಟಮೇಟ್ ಗ್ರಾಹಕಗಳ ಗುಂಪಿನ ಒಂದು ಪ್ರೋಟೀನು) ಅಲನಿನ್ ಎಂಬ ಅಮೈನೊ ಆಮ್ಲ ಇರಬೇಕಾದ ಒಂದೇ ಒಂದು ಜಾಗಕ್ಕೆ ಥ್ರಿಯೊನಿನ್ ಎಂಬ ಇನ್ನೊಂದು ಬಂದು, ಅದರ ಅಯಾನು ನಾಲೆಯು (ವಿದ್ಯುದಂಶವುಳ್ಳ ಕಣಗಳು ಹಾಯುವ ದಾರಿ) ಮುಚ್ಚಲಾಗದ ಕೆರೆತೂಬಿನಂತೆ ಸದಾ ತೆರೆದಿರುವುದರಿಂದ, ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಆ ಕೋಶಗಳು ಸಾಯುತ್ತವೆ, ಅವುಗಳಿಗೆ ಸಂದೇಶ ಕಳಿಸುವ ಗ್ರ್ಯಾನ್ಯೂಲ್ ಕೋಶಗಳೂ ಆಸರೆ ತಪ್ಪಿ ಅಳಿಯುತ್ತವೆ. ಇದು ಹುಟ್ಟಿನಿಂದ ಬಂದ ದೋಷ, ಆಹಾರದಿಂದಲ್ಲ. ವಯಸ್ಸಾದವರಲ್ಲಿ ಬಿ12 ಕೊರತೆ, ಮದ್ಯ, ಥೈರಾಯ್ಡ್, ಫಿಟ್ಸಿಗೆ ಕೊಡುವ ಫೆನಿಟಾಯಿನ್ ಮಾತ್ರೆ ಇವುಗಳನ್ನು ಮೊದಲು ನೋಡಬೇಕು. ಹಾಸನದಲ್ಲಿ ನರರೋಗ ತಜ್ಞರಿಗೆ ತೋರಿಸುವಾಗ ಅವರ ಎಲ್ಲ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ.