ಕಂಸದೊಳಗೆ ಅಡಗಿದ 9 ಕಿಲೋ

ಮೂರು ಪುಟದ ಪತ್ರ. ವಯಸ್ಸು 27, ಮದುವೆಯಾಗಿ ಎರಡು ವರ್ಷ, ಸದ್ಯಕ್ಕೆ ಮಗು ಬೇಡವೆಂದು ಇಬ್ಬರೂ ತೀರ್ಮಾನಿಸಿದ್ದೀರಿ. 29-30 ದಿನಕ್ಕೆ ತಪ್ಪದೆ ಬರುತ್ತಿದ್ದ ಮುಟ್ಟು 64 ದಿನವಾದರೂ ಬಂದಿಲ್ಲ. ಮನೆಯಲ್ಲೇ ಮೂರು ಬಾರಿ ಗರ್ಭ ಪರೀಕ್ಷೆ ಮಾಡಿಕೊಂಡಿದ್ದೀರಿ, ಮೂರು ಸಲವೂ ಒಂದೇ ಗೆರೆ, ಅಂದರೆ ಗರ್ಭವಿಲ್ಲ. ಕೊನೆಯ ಪರೀಕ್ಷೆಯನ್ನಂತೂ ಗಂಡನೊಡನೆ ಕೂಡಿ ಐದು ವಾರ ಕಳೆದ ಮೇಲೆ ಮಾಡಿದ್ದೀರಿ. ಆದರೂ ಅವರು ನಾಲ್ಕನೆಯ ಕಿಟ್ ತಂದಿಟ್ಟಿದ್ದಾರೆ. ನಿಮಗೆ ನಿದ್ದೆ ಹತ್ತುತ್ತಿಲ್ಲ.

ಎರಡನೆಯ ಪುಟದ ಅಡಿಯಲ್ಲಿ, ಕಂಸದೊಳಗೆ, ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ: ‘ಈ ನಡುವೆ 9 ಕಿಲೋ ಇಳಿಸಿದ್ದೇನೆ, ಅದು ಬೇರೆ ವಿಷಯ.’ ಸೋದರಿ, ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಅದೊಂದೇ.

ಎರಡೂವರೆ ತಿಂಗಳಲ್ಲಿ 9 ಕಿಲೋ! ಅದೂ ರಾತ್ರಿಯ ಊಟ ಬಿಟ್ಟು, ಬೆಳಿಗ್ಗೆ ಒಂದೂವರೆ ಗಂಟೆ ಓಡಿ. ಹೊಟ್ಟೆಗೆ ಬೀಳುವುದು ಕಡಿಮೆ, ದುಡಿತ ಹೆಚ್ಚು ಎಂದಾದಾಗ ಮಿದುಳಿನ ಹೈಪೊಥಾಲಮಸ್ ಅಂಡಾಶಯಕ್ಕೆ ಕೊಡಿಸುವ ಸೂಚನೆಯನ್ನು ತಗ್ಗಿಸಿಬಿಡುತ್ತದೆ. ಅಂಡ ಹೊರಬಿದ್ದ ಸುಮಾರು ಎರಡು ವಾರಕ್ಕೆ ಮುಟ್ಟು ಬರಬೇಕು. ಅಂಡವೇ ಹೊರಬೀಳದಿದ್ದರೆ ಮುಟ್ಟು ಬರುವುದೆಲ್ಲಿಂದ? ನಿದ್ದೆಗೆಟ್ಟ ಚಿಂತೆಯೂ ಸೇರಿಕೊಂಡರೆ ಇನ್ನಷ್ಟು ತಡ. ಇದು ತಿಂಗಳುಗಟ್ಟಲೆ ನಡೆದರೆ ಈಸ್ಟ್ರೊಜನ್ ಎಂಬ ಸ್ತ್ರೀ ಹಾರ್ಮೋನು ಕುಗ್ಗಿ ಮೂಳೆಗಳು ಬಲ ಕಳೆದುಕೊಳ್ಳುತ್ತವೆ.

ನಿಮ್ಮ ಗಂಡನ ಮೇಲೆ ನನಗೆ ಸಿಟ್ಟಿಲ್ಲ, ಹೆದರಿದ್ದಾರೆ ಅಷ್ಟೆ. ಸಿಟ್ಟೆಲ್ಲ ನಿಮ್ಮ ಅಕ್ಕನ ಮೇಲೆ. ‘ತೂಕ ಇಳಿಯುವಾಗ ಮುಟ್ಟು ನಿಲ್ಲುವುದು ಒಳ್ಳೆಯ ಲಕ್ಷಣ’ ಎಂದರಂತೆ, ಮುಟ್ಟು ತರಿಸುವ ಮಾತ್ರೆಯನ್ನೂ ಕೈಗಿಟ್ಟರಂತೆ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೆ: ಕಾರಣ ತಿಳಿಯದೆ ಮುಟ್ಟು ತರಿಸಿಕೊಳ್ಳಬೇಡಿ. ರಕ್ತ ಕಂಡೊಡನೆ ಎಲ್ಲ ಸರಿಹೋಯಿತೆಂದು ಸುಮ್ಮನಾಗುತ್ತೀರಿ, ಕಾರಣ ಒಳಗೇ ಉಳಿಯುತ್ತದೆ. ಆ ಮಾತ್ರೆಯನ್ನು ಇನ್ನೂ ನುಂಗಿಲ್ಲವೆಂದು ಓದಿ ಸಮಾಧಾನವಾಯಿತು.

ತೂಕವೇ ಕಾರಣವೆಂದು ನಾನಿಲ್ಲಿ ಕುಳಿತು ತೀರ್ಪು ಕೊಡಲಾರೆ. ಥೈರಾಯ್ಡ್ ಏರುಪೇರು, ಪಿಸಿಒಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ, ಎದೆಹಾಲು ತರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಹೆಚ್ಚಳ ಇವೂ ಮುಟ್ಟನ್ನು ತಡೆಯುತ್ತವೆ. ಹಸಿದ ಹೊಟ್ಟೆಯ ಉರಿಗೆಂದು ನೀವು ದಿನವೂ ತೆಗೆದುಕೊಳ್ಳುತ್ತಿರುವ ಮಾತ್ರೆಯಲ್ಲಿ ಡೊಂಪೆರಿಡೋನ್ ಎಂಬ ವಾಂತಿ ತಡೆಯುವ ಔಷಧವಿದೆ. ಅದು ಪ್ರೊಲ್ಯಾಕ್ಟಿನ್ ಏರಿಸಬಲ್ಲದು. ಊಟ ಬಿಟ್ಟದ್ದು ಎಲ್ಲೆಲ್ಲಿಗೆ ಎಳೆದುಕೊಂಡು ಹೋಗಿದೆ ನೋಡಿ.

ನಾಲ್ಕನೆಯ ಕಿಟ್ ಒಡೆಯಬೇಡಿ. ಈ ವಾರವೇ ಸ್ತ್ರೀರೋಗ ತಜ್ಞರ ಬಳಿಗೆ ಹೋಗಿ, ಮುಟ್ಟಿನ ದಿನಾಂಕಕ್ಕಿಂತ ಮೊದಲು ಆ 9 ಕಿಲೋ ಸಂಗತಿಯನ್ನು ಹೇಳಿ.